ರಿಟೈರಾದವರಿಗೆ ಟೈಂಟೇಬಲ್ ಬೇಡ, ಪಂಚಾಂಗ ಸಾಕು

ನಮ್ಮ ಕಾಲದ ಸುಮಾರು ಜನ ಹುಟ್ಟಿದ್ದು ಜೂನ್ 1ರಂದು. ನಿಜವಾಗಿ ಅಲ್ಲ, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಹಾಗೆ ಬರೆದುಕೊಂಡರು, ಅಷ್ಟೇ. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿಯಾಗಬೇಕು ಅನ್ನೋದು ಸರ್ಕಾರದ ಲೆಕ್ಕ. ಹಾಗಾಗಿ ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ. ನಾನೂ ಹಾಗೇ ಹೊರಬಿದ್ದವಳು. ಮರುದಿನ ಬೆಳಿಗ್ಗೆ ಎದ್ದರೆ ಮೈಸೂರಿನಲ್ಲಿ ಮೋಡ ಕವಿದಿತ್ತು, ಟಿಫಿನ್ ಡಬ್ಬಿ ಕಟ್ಟುವ ಕೆಲಸ ಇರಲಿಲ್ಲ.

ಆಮೇಲೆ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಒಂದು ಟೈಂಟೇಬಲ್ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಐದೂವರೆಗೆ ವಾಕಿಂಗ್, ಹತ್ತಕ್ಕೆ ಓದು, ಹನ್ನೊಂದಕ್ಕೆ ಸಂಗೀತ, ಸಂಜೆ ಏಳಕ್ಕೆ ಮೊಮ್ಮಗಳಿಗೆ ಫೋನು. ನಮ್ಮನೆಯವರು ಕಾಫಿ ಲೋಟ ಹಿಡಿದು ಅದನ್ನ ಪೂರ್ತಿ ಓದಿ, "ಹಾಜರಿ ಪುಸ್ತಕ ಎಲ್ಲಿಟ್ಟಿದ್ದೀಯೇ?" ಅಂದರು. ಒಂಬತ್ತು ದಿನ ನಡೆಯಿತು. ಅದೇ ಉತ್ಸಾಹದಲ್ಲಿ ಪುಸ್ತಕದ ಅಂಗಡಿಗೆ ಹೋಗಿ ಒಟ್ಟಿಗೆ ಹನ್ನೊಂದು ಪುಸ್ತಕ ತಂದೆ. ಐದು ಇನ್ನೂ ಅಂಗಡಿಯ ಕವರಿನಲ್ಲೇ ಇವೆ.

ಈಗ ಮಾಡುವುದು ಬೇರೆ. ಅಡುಗೆಮನೆ ಬಾಗಿಲ ಪಕ್ಕ ಒಂದು ಗೋಡೆ ಪಂಚಾಂಗ ತೂಗುಹಾಕಿದ್ದೇನೆ. ಅದರಲ್ಲಿ ಈ ತಿಂಗಳು, ಬರುವ ತಿಂಗಳು, ಇಷ್ಟು ಮಾತ್ರ ನೋಡುತ್ತೇನೆ. ಈ ಕಾಲದಲ್ಲಿ ಯಾವ ಸಂಗೀತ ಕಚೇರಿ ಕೇಳಲು ಸಿಗುತ್ತದೆ, ಕೈಯಲ್ಲಿ ಯಾವ ಪುಸ್ತಕ ಇರಬೇಕು, ಮನೆಗೆ ಯಾರು ಬರುತ್ತಾರೆ ಅಥವಾ ನಾವು ಯಾರ ಮನೆಗೆ ಹೋಗಬಹುದು. ಮೂರೂ ಕೂಡಿ ಬರಲೇಬೇಕು ಅಂತೇನಿಲ್ಲ. ಒಂದು ಸಿಕ್ಕರೂ ಆ ಎರಡು ತಿಂಗಳು ಚೆನ್ನಾಗಿ ಹೋಗುತ್ತದೆ.

ಮಳೆಗಾಲದಿಂದ ಶುರುಮಾಡಿ

ರಿಟೈರಾಗುವುದೇ ಮೇ ಕೊನೆಯಲ್ಲಿ ಆದ್ದರಿಂದ ಮೊದಲು ಸಿಗುವುದು ಮಳೆಗಾಲ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಕರೆಯೋಲೆ ಇಲ್ಲ, ಹೊರಗೆ ಜಿಟಿಜಿಟಿ. ಓದಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಪುಸ್ತಕ ಕೊಳ್ಳುವ ಮೊದಲು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ಮನೆಗಂದಾಯದ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಅಂತ ಇಷ್ಟು ವರ್ಷ ಕಟ್ಟಿಕೊಂಡೇ ಬಂದಿದ್ದೀವಲ್ಲ, ಅದರ ಬಾಬ್ತು ಒಂದು ಪುಸ್ತಕವನ್ನಾದರೂ ಮನೆಗೆ ತರಬೇಡವೇ? ಒಂದು ಸಲಕ್ಕೆ ಒಂದೇ ತನ್ನಿ. ವಾಪಸ್ ಕೊಡಬೇಕಾದ ತಾರೀಕು ಇದ್ದರೆ ಓದು ತಾನಾಗಿ ಮುಂದೆ ಹೋಗುತ್ತದೆ, ಇದು ನನ್ನ ಅನುಭವ. ಅಕ್ಷರ ಸಣ್ಣದಾಗಿದ್ದರೆ ಆ ಪುಸ್ತಕ ಬೇಡ. ಕಣ್ಣಿನ ಪೊರೆ ಶುರುವಾಗಿರುವ ವಯಸ್ಸಿನಲ್ಲಿ ಹಟ ಮಾಡಿ ಓದಿ ತಲೆನೋವು ತಂದುಕೊಳ್ಳುವುದು ಯಾಕೆ.

ಇನ್ನೊಂದು ಸಾಮಾನು ಬೇಕು: ವ್ಯಾಸಪೀಠ. ಮಡಚುವ ಮರದ ಪೀಠ, ದೇವರಮನೆಯಲ್ಲೋ ಅಟ್ಟದ ಮೇಲೋ ಹಳೆಯದೊಂದು ಇರುತ್ತದೆ ನೋಡಿ. ದಪ್ಪ ಪುಸ್ತಕವನ್ನು ಅದರ ಮೇಲಿಟ್ಟರೆ ಹೆಬ್ಬೆರಳಿನ ಗಂಟು ನೋಯುವುದಿಲ್ಲ, ಮಡಿಲಿನಿಂದ ಜಾರುವುದಿಲ್ಲ, ಕತ್ತು ಬಗ್ಗಿಸುವುದೂ ಕಮ್ಮಿ. ನಮ್ಮತ್ತೆಯ ಕಾಲದ್ದನ್ನು ಒರೆಸಿ, ಸಡಿಲವಾದ ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಕಿಟಕಿ ಹತ್ತಿರ ಇಟ್ಟುಕೊಂಡಿದ್ದೇನೆ. ಬೆಳಕು ಎಡಗಡೆ ಹಿಂದಿನಿಂದ ಬೀಳುವ ಹಾಗೆ ಕೂತರೆ ಪುಟದ ಮೇಲೆ ಕೈಯ ನೆರಳು ಬರುವುದಿಲ್ಲ.

ಏನು ಓದಬೇಕು ಅಂತ ನಾನು ಹೇಳುವುದಿಲ್ಲ, ಒಂದನ್ನು ಬಿಟ್ಟು. ಇಬ್ಬರೇ ಇರುವ ಮನೆಯಾದರೆ ಶ್ರಾವಣದಲ್ಲಿ ದಿನಾ ಅರ್ಧ ಗಂಟೆ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿ ನೋಡಿ. ಹಳೇ ಭಾಷೆ, ಅರ್ಥವಾಗುವುದಿಲ್ಲ ಅಂತ ಹೆದರಬೇಡಿ, ಮೊದಲು ತಾಳ ಹಿಡಿಯಿರಿ. ಭಾಮಿನಿ ಷಟ್ಪದಿ ಅಂದರೆ ಮೂರು, ನಾಲ್ಕು, ಮೂರು, ನಾಲ್ಕು. ತೊಡೆಯ ಮೇಲೆ ಮೆತ್ತಗೆ ತಟ್ಟುತ್ತಾ ತಕಿಟ ತಕಧಿಮಿ, ತಕಿಟ ತಕಧಿಮಿ ಅಂದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಇಷ್ಟೇ, 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ: ತಕಿಟ ತಕಧಿಮಿ ಮೂರು ಸಲ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಈ ಲೆಕ್ಕ ಕೈಗೆ ಹತ್ತಿದ ಮೇಲೆ ಪದ ಎಲ್ಲಿ ಒಡೆಯಬೇಕು ಅಂತ ನಾಲಿಗೆಗೇ ಗೊತ್ತಾಗುತ್ತದೆ, ಅರ್ಧ ಅರ್ಥ ಅಲ್ಲೇ ಬಿಡಿಸಿಕೊಳ್ಳುತ್ತದೆ. ಉಳಿದರ್ಧಕ್ಕೆ ಟೀಕೆ ಇರುವ ಪ್ರತಿ ತನ್ನಿ. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ, ಕಾವ್ಯವನ್ನು ರಾಗವಾಗಿ ಓದುವ ಗಮಕದವರು ಮಾಡುವ ಹಾಗೆ. ನಮ್ಮಲ್ಲಿ ವ್ಯಾಖ್ಯಾನದವರು ಹತ್ತು ಪದ್ಯಕ್ಕೆ ತೂಕಡಿಸುತ್ತಾರೆ. ಕೀಚಕ ಬಂದಾಗ ಮಾತ್ರ ನೆಟ್ಟಗೆ ಕೂತಿದ್ದರು.

ಗಣೇಶನ ಹಬ್ಬಕ್ಕೆ ಕಿವಿ ತೆರೆಯಿರಿ

ಸಂಗೀತ ಕಲಿತಿಲ್ಲ, ಏನು ಕೇಳಲಿ ಅನ್ನುವವರೇ ಜಾಸ್ತಿ. ನಾನೂ ಕಲಿತಿಲ್ಲ. ಅರವತ್ತಕ್ಕೆ ಕ್ಲಾಸಿಗೆ ಸೇರಿ ಸರಳೆ ವರಸೆ ಶುರುಮಾಡಿ, ಪಕ್ಕದಲ್ಲಿ ಕೂತ ಏಳು ವರ್ಷದ ಹುಡುಗಿ ನನಗಿಂತ ಮುಂದೆ ಹೋದಳು ಅಂತ ಬಿಟ್ಟುಬಂದೆ. ಕೇಳೋದು ಬೇರೆಯೇ ಕಲೆ, ಅದಕ್ಕೆ ಗಂಟಲು ಬೇಡ.

ಒಂದು ಋತುವಿಗೆ ಎರಡು ರಾಗ ಇಟ್ಟುಕೊಳ್ಳಿ, ಜಾಸ್ತಿ ಬೇಡ. ಭಾದ್ರಪದಕ್ಕೆ ಹಂಸಧ್ವನಿ ಮತ್ತು ಮೋಹನ ಸರಿಯಾದ ಜೋಡಿ. ಎರಡಕ್ಕೂ ಐದೈದೇ ಸ್ವರ. ಸ ರಿ ಗ ಪ ಎರಡರಲ್ಲೂ ಒಂದೇ. ಐದನೆಯದು ಮೋಹನಕ್ಕೆ ದ, ಹಂಸಧ್ವನಿಗೆ ನಿ. ವ್ಯತ್ಯಾಸ ಒಂದೇ ಸ್ವರ, ಆದರೆ ಕೇಳಿದಾಗ ಊರೇ ಬೇರೆ. ಗಣಪತಿ ಮೇಲಿನ ಕೃತಿಗಳು ಹಂಸಧ್ವನಿಯಲ್ಲಿ ಬೇಕಾದಷ್ಟಿವೆ, ಕಚೇರಿ ಶುರುವಿನಲ್ಲೇ ಸಿಗುತ್ತವೆ. ಹದಿನೈದು ದಿನ ಇವೆರಡನ್ನೇ ಕೇಳಿ, ಆಮೇಲೆ ಯಾರಾದರೂ ಹಾಕಿದಾಗ ಇದ್ಯಾವುದು ಅಂತ ಊಹೆ ಮಾಡಿ. ನನಗೆ ಮೊದಲ ಸಲ ಸರಿಯಾಗಿ ಹೇಳಲು ಬಂದದ್ದು ಮಿಕ್ಸಿ ತೊಳೆಯುವಾಗ.

ತಾಳವೂ ಅಷ್ಟೇ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಮತ್ತು ಕೈ ತಿರುಗಿಸುವುದು, ಇದು ಎರಡು ಸಲ. ತಪ್ಪಿದರೆ ಮುಂದಿನ ಸಾಲಿನ ಹಿರಿಯರ ಕೈ ನೋಡಿ. ಅವರೂ ತಪ್ಪಿದರೆ ಸುಮ್ನೆ ತಲೆ ಆಡಿಸಿ.

ಮನೆಯಲ್ಲಿ ಕೇಳಲು ಆಕಾಶವಾಣಿಯ ರಾಗಂ ಇದೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ಚಾನೆಲ್, ಪೂರ್ತಿ ಶಾಸ್ತ್ರೀಯ ಸಂಗೀತ, ಆಕಾಶವಾಣಿಯ ಆ್ಯಪ್ ಹಾಕಿಕೊಂಡರೆ ಮೊಬೈಲಿನಲ್ಲೇ ಬರುತ್ತದೆ. ಮೊಮ್ಮಕ್ಕಳಿಂದ ಒಂದು ಸಲ ಹಾಕಿಸಿಕೊಳ್ಳಿ. (1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರುಮಾಡಿದ ಊರು ನಮ್ಮದು, ಸ್ವಲ್ಪ ಜಂಬ ಇರಲಿ.)

ಆದರೆ ಎದುರು ಕೂತು ಕೇಳುವುದು ಬೇರೆ. ಮೈಸೂರಿನಲ್ಲಿದ್ದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿಗೆ ಬನ್ನಿ. 1962ರಿಂದ ಗಣೇಶನ ಹಬ್ಬಕ್ಕೆ ರಸ್ತೆಯಲ್ಲೇ ಚಪ್ಪರ ಹಾಕಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ ನಡೆಸಿಕೊಂಡು ಬಂದಿದ್ದಾರೆ, ಟಿಕೆಟ್ ಇಲ್ಲ. ಒಂದು ಶಾಲು, ಒಂದು ಕೊಡೆ, ಸಣ್ಣ ಬಾಟಲಿಯಲ್ಲಿ ಬಿಸಿನೀರು. ಕುರ್ಚಿ ಬೇಕೆಂದರೆ ಬೇಗ ಹೋಗಿ, ಪಕ್ಕದ ಸಾಲಿನ ತುದಿಯಲ್ಲಿ ಕೂತರೆ ಮಧ್ಯೆ ಏಳಲು ಸಂಕೋಚವಿಲ್ಲ. ತನಿ ಆವರ್ತನ, ಅಂದರೆ ಲಯವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದಾಗ ಮಾತ್ರ ಏಳಬೇಡಿ. ಮೃದಂಗದವರು ಕೈ ಬಿಚ್ಚುವ ಹೊತ್ತಿಗೇ ಅರ್ಧ ಊರು ಕಾಫಿಗೆ ಎದ್ದು ಹೋಗುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ದಸರಾದಲ್ಲಿ ಅರಮನೆ ಮುಂದೆ ಸಂಜೆ ಕಾರ್ಯಕ್ರಮ ಇದ್ದೇ ಇರುತ್ತದೆ. ಜನ ಜಾಸ್ತಿ, ಮಂಡಿ ನೋವಿರುವವರು ಮನೆಯಲ್ಲೇ ಗೊಂಬೆ ಕೂರಿಸಿ ಆರಾಮಾಗಿರಿ.

ಚಳಿಗೆ ಅವರೆಕಾಯಿ

ಕುಟುಂಬದ ಜೊತೆ ಕಾಲ ಕಳೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಸೋಫಾ ಮೇಲೆ ಎದುರುಬದುರು ಕೂತರೆ ಐದು ನಿಮಿಷಕ್ಕೆ ಮಾತು ಮುಗಿದು ಎಲ್ಲರ ಕೈಗೂ ಫೋನ್ ಬರುತ್ತದೆ. ಕೈಗೆ ಕೆಲಸ ಕೊಡಿ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹಿತಕಿದ ಬೇಳೆಯಷ್ಟು ಒಳ್ಳೆ ಉಪಾಯ ನಾನು ಬೇರೆ ಕಂಡಿಲ್ಲ.

ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬಿದ್ದ ಮೇಲೆ ಬರುವ ಕಾಯಿ ತನ್ನಿ. ಮೂಸಿದರೆ ಸೊಗಡು ಇರಬೇಕು, ಮುಟ್ಟಿದರೆ ಬೆರಳಿಗೆ ಅಂಟಬೇಕು. ಶನಿವಾರ ಸಂಜೆ ಬಿಡಿಸಿ, ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಭಾನುವಾರ ಬೆಳಿಗ್ಗೆ ಚಾಪೆ ಹಾಸಿ, ನಡುವೆ ಅಗಲವಾದ ಪಾತ್ರೆ ಇಟ್ಟು, ಸುತ್ತ ಎಲ್ಲರನ್ನೂ ಕೂರಿಸಿ, ಅಳಿಯಂದಿರನ್ನೂ ಬಿಡಬೇಡಿ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಪಾತ್ರೆಗೆ ಬಿದ್ದರೆ ಪುಣ್ಯ. ನಮ್ಮ ಮೊಮ್ಮಗಳು ತಾತನ ಕನ್ನಡಕಕ್ಕೆ ಗುರಿ ಇಡುತ್ತಾಳೆ. ಹಿಂದೆ ಮೆತ್ತಗೆ ಒಂದು ಹಾಡು ಬರುತ್ತಿರಲಿ, ಮಾತು ಮುಚ್ಚಿಹೋಗುವಷ್ಟು ಜೋರಾಗಿ ಬೇಡ. ಹೋದ ವರ್ಷ ಹೀಗೆ ಹಿತಕುತ್ತಾ ಕೂತಾಗಲೇ ನಮ್ಮ ಮಗಳು ಕೆಲಸ ಬದಲಾಯಿಸುವ ಯೋಚನೆಯಲ್ಲಿದ್ದಾಳೆ ಅಂತ ಗೊತ್ತಾದದ್ದು. ಫೋನಿನಲ್ಲಿ ಮೂರು ತಿಂಗಳಿಂದ "ಎಲ್ಲಾ ಚೆನ್ನಾಗಿದೆ ಅಮ್ಮ" ಅನ್ನುತ್ತಿದ್ದಳು.

ಸಂಕ್ರಾಂತಿ ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುವುದೂ ಹೀಗೇ ಗುಂಪಿನ ಕೆಲಸ. ಬೆಂಗಳೂರಿಂದ ಬರಲಾಗದವರಿಗೆ ಡಬ್ಬಿ ಕಳಿಸಿ.

ದೂರದಲ್ಲಿರುವ ಮೊಮ್ಮಕ್ಕಳ ಜೊತೆ ಓದುವುದಕ್ಕೆ ಒಂದು ಕ್ರಮ ಕಂಡುಕೊಂಡಿದ್ದೇನೆ. ಒಂದೇ ಕಥೆಪುಸ್ತಕದ ಎರಡು ಪ್ರತಿ, ಒಂದು ಮೊಮ್ಮಗಳ ಹತ್ತಿರ, ಒಂದು ನನ್ನ ಹತ್ತಿರ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅವಳೊಂದು ಪುಟ, ನಾನೊಂದು ಪುಟ. ಅವಳದು ಇಂಗ್ಲಿಷ್ ಮೀಡಿಯಂ, ಒತ್ತಕ್ಷರದ ಹತ್ತಿರ ಎಡವುತ್ತಾಳೆ, ತಿದ್ದುವುದಿಲ್ಲ, ನನ್ನ ಪುಟದಲ್ಲಿ ಅದೇ ಪದ ಬಂದಾಗ ಸ್ವಲ್ಪ ನಿಧಾನವಾಗಿ ಓದುತ್ತೇನೆ. ಕಾಲು ಗಂಟೆ ಸಾಕು. ಕಥೆ ರಂಗೇರಿದ ಜಾಗದಲ್ಲೇ ನಿಲ್ಲಿಸಬೇಕು, ಆಗ ಮುಂದಿನ ಭಾನುವಾರ ಅವಳೇ ಫೋನ್ ಮಾಡುತ್ತಾಳೆ.

ಬೇಸಿಗೆಗೆ ಬಸ್ಸು ಹತ್ತಿ

ಶ್ರೀರಾಮನವಮಿ ಬಂದರೆ ಪಾನಕ, ಕೋಸಂಬರಿ, ಜೊತೆಗೆ ಊರೂರಲ್ಲಿ ಕಚೇರಿ. ಬೆಂಗಳೂರಿನವರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನ ಗೊತ್ತೇ ಇದೆ, ಶ್ರೀ ರಾಮಸೇವಾ ಮಂಡಳಿಯವರ ಉತ್ಸವ ಶುರುವಾದದ್ದು 1939ರಲ್ಲಿ. ಮಗಳ ಮನೆಗೆ ಹೋಗುವುದನ್ನು ಆ ದಿನಗಳಿಗೆ ಹೊಂದಿಸಿಕೊಂಡರೆ ಎರಡೂ ಆಯಿತು. ಬೇಸಿಗೆ ರಜದಲ್ಲಿ ಮೊಮ್ಮಗಳು ಬಂದರೆ ಸಂಡಿಗೆ ಇಟ್ಟು ತಾರಸಿಯಲ್ಲಿ ಕಾಗೆ ಕಾಯಲು ಕೂರಿಸುತ್ತೇನೆ, ಕೈಯಲ್ಲೊಂದು ಕೋಲು, ಒಂದು ಪುಸ್ತಕ. ಕಾಗೆಗಿಂತ ಜಾಸ್ತಿ ಸಂಡಿಗೆ ಹಿಟ್ಟು ತಿನ್ನುವವಳು ಅವಳೇ.

ಆದರೆ ಬೇಸಿಗೆಯಲ್ಲಿ ತಪ್ಪದೇ ಮಾಡಬೇಕಾದ್ದು ಒಂದಿದೆ. ನಿಮ್ಮ ಮನೆತನದಲ್ಲಿ ಹಾಡು ಬಲ್ಲ ಹಿರಿಯರು ಯಾರಿದ್ದಾರೆ ನೋಡಿ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ, ಬೀಸುವ ಪದ, ಯಾವುದಾದರೂ ಸರಿ. ಅವರ ಮನೆಗೇ ಹೋಗಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಅಕ್ಕ ಹೊಳೆನರಸೀಪುರದಲ್ಲಿದ್ದಾಳೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ನಮ್ಮನೆಯವರಿಗೆ ಹಿರಿಯ ನಾಗರಿಕರ ರಿಯಾಯಿತಿ, ಶೇಕಡಾ 25, ಅದಕ್ಕೇ ಅವರ ಗೊಣಗಾಟ.

ಮಾಡುವ ಬಗೆ: ಫ್ಯಾನ್ ಆರಿಸಿ, ಅದರ ಸದ್ದು ಕಿವಿಗೆ ಕೇಳದಿದ್ದರೂ ಫೋನಿಗೆ ಕೇಳುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಾಲ್ಕು ಮಡಿಕೆ ಟವೆಲ್ ಮೇಲೆ, ಹಾಡುವವರಿಂದ ಒಂದು ಮೊಳ ದೂರ ಇಡಿ. ಮೊದಲು ಅವರ ಹೆಸರು, ಊರು, ತಾರೀಕು, ಹಾಡು ಯಾರಿಂದ ಕಲಿತದ್ದು, ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿ. "ಹಾಡಿ" ಅಂದರೆ ಯಾರೂ ಹಾಡುವುದಿಲ್ಲ. ನೀವೇ ಒಂದು ಸಾಲು ತಪ್ಪಾಗಿ ಶುರುಮಾಡಿ, ಸುಮ್ಮನಿರಲಾರದೆ ಎತ್ತಿಕೊಳ್ಳುತ್ತಾರೆ. ಮಧ್ಯೆ ನಿಂತರೆ ರೆಕಾರ್ಡಿಂಗ್ ನಿಲ್ಲಿಸಬೇಡಿ, ನೆನಪು ಮಾಡಿಕೊಳ್ಳುವಾಗ ಆಡುವ ಮಾತೇ ಎಷ್ಟೋ ಸಲ ಹಾಡಿಗಿಂತ ಚೆನ್ನ. ಮನೆಗೆ ಬಂದ ದಿನವೇ ಪೆನ್ ಡ್ರೈವಿಗೆ ಒಂದು ಪ್ರತಿ ಹಾಕಿಸಿ.

ಕೊನೆಗೆ ಹಾಡಿದವರಿಗೆ ಕೇಳಿಸಿ. ನಾನು ಕೇಳಿಸಿದಾಗ ಅಕ್ಕ ಕಣ್ಣು ಮುಚ್ಚಿ ಕೂತಳು. ನಡುವೆ ಅವಳದೇ ಕುಕ್ಕರ್ ಎರಡು ಸಲ ಕೂಗಿತ್ತು. ಹಾಡು ಮುಗಿದ ಮೇಲೆ "ನಾಲ್ಕನೇ ನುಡಿ ಬಿಟ್ಟುಬಿಟ್ಟಿದ್ದೀನಲ್ಲೇ, ಹೀಗೆ ಇಟ್ಟುಕೊಂಡರೆ ಅಮ್ಮ ಬೈತಾಳೆ, ಮತ್ತೆ ಬಾ" ಅಂದಳು. ಅಮ್ಮ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಬರುವ ಗುರುವಾರ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ.