ಹಳೇ ಎಸ್‌ಯುವಿಯಲ್ಲಿ ಕೂಲೆಂಟ್ ಕಮ್ಮಿ ಆಗ್ತಿದೆಯಾ?

2 ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಪದೇ ಪದೇ ಇಳಿಯುತ್ತಿದ್ದರೆ ಸುಮ್ನೆ ತುಂಬಿಸುತ್ತಾ ಹೋಗಬೇಡಿ. ಒಳಗೋ ಹೊರಗೋ ಎಲ್ಲೋ ಸೋರುತ್ತಿದೆ. ನೆಲದ ಮೇಲೆ ಹನಿ ಕಾಣಲಿಲ್ಲ ಅಂತ ನೆಮ್ಮದಿ ಬೇಡ, ಬಿಸಿ ಎಂಜಿನ್ ಮೇಲೆ ಬಿದ್ದದ್ದು ಅಲ್ಲೇ ಆವಿಯಾಗಿಬಿಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹೋಸ್ ಸೇರುವ ಕಡೆ, ಕ್ಲ್ಯಾಂಪ್ ಸುತ್ತ, ವಾಟರ್ ಪಂಪ್ ಕೆಳಗೆ ಬಿಳಿಯದೋ ಕೂಲೆಂಟ್ ಬಣ್ಣದ್ದೋ ಪುಡಿ ಒಣಗಿ ಅಂಟಿದ್ದರೆ ಸೋರಿಕೆ ಅಲ್ಲೇ. ಹೋಸನ್ನು ಒತ್ತಿ ನೋಡಿ. ಉಬ್ಬಿ ಮೆತ್ತಗಾಗಿದ್ದರೆ ಅಥವಾ ಬಿರುಕು ಕಂಡರೆ ಬದಲಾಯಿಸಿ. ಮುಚ್ಚಳದ ರಬ್ಬರ್ ಸವೆದಿದ್ದರೂ ಒತ್ತಡ ನಿಲ್ಲುವುದಿಲ್ಲ. ಅದು ಅಗ್ಗದ ಸಾಮಾನು, ನನ್ನ ಪ್ರಕಾರ ಮೊದಲು ಅದನ್ನೇ ಬದಲಾಯಿಸಿ ನೋಡಬೇಕು.

ಗಾಡಿಯೊಳಗೆ ಸಿಹಿ ವಾಸನೆ ಬಂದು ಮ್ಯಾಟ್ ಒದ್ದೆಯಾಗಿದ್ದರೆ ಹೀಟರ್ ಕೋರ್ (ಒಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು. ಎಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ, ಮೆಕ್ಯಾನಿಕ್‌ನೇ ಕರೆಸಿ.

ಚೆಲ್ಲಿದ ಕೂಲೆಂಟನ್ನು ಆಗಲೇ ಒರೆಸಿ, ತೊಳೆದುಬಿಡಿ. ಸಿಹಿ ಇರುತ್ತೆ ಅಂತ ನಾಯಿ ನೆಕ್ಕುತ್ತೆ, ಬೆಕ್ಕೂ ನೆಕ್ಕಬಹುದು. ಅವಕ್ಕೆ ಅದು ವಿಷ.