ಹಳೇ ಬೋಟ್ ಎಂಜಿನ್ ಎಳೀತಿರ್ಲಿಲ್ಲ, ನಾನು ಕಾರಣ ಹುಡುಕಿದ್ದು ಹೀಗೆ

ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡು ಮೊದಲ್ನೇ ಸಲ ನೀರಿಗಿಳಿಸಿದಾಗ ಎಲ್ಲಾ ಸರಿಯಾಗೇ ಕಾಣ್ತಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, ಐಡ್ಲಿಂಗ್ ನೀಟಾಗಿತ್ತು, ಹೊಗೆ ಇಲ್ಲ, ಕೂಲಿಂಗ್ ನೀರು ಹಿಂದಿಂದ ಚೆನ್ನಾಗಿ ಚಿಮ್ತಿತ್ತು, ಆದ್ರೆ ಲಿವರ್ ಪೂರ್ತಿ ಮುಂದೆ ತಳ್ಳಿದ್ರೆ ಬೋಟ್ ಮೂತಿ ಮೇಲೆತ್ಕೊಂಡು ನೀರು ಉಳ್ತಾ ಹೋಗ್ತಿತ್ತೇ ಹೊರತು ಪ್ಲೇನಿಂಗ್‌ಗೆ (ಎದ್ದು ನೀರಿನ ಮೇಲ್ಮೈ ಮೇಲೆ ಜಾರ್ತಾ ಓಡೋದಕ್ಕೆ) ಬರ್ತಾನೇ ಇರ್ಲಿಲ್ಲ. 50 ಎಚ್‌ಪಿ ಔಟ್‌ಬೋರ್ಡ್ (ಬೋಟ್ ಹಿಂದೆ ಹೊರಗಡೆ ಕೂರೋ ಎಂಜಿನ್), ಮೂರು ಸಿಲಿಂಡರ್, ಫೋರ್ ಸ್ಟ್ರೋಕ್, ಕಾರ್ಬುರೇಟರ್ ಇರೋದು.

ಇಂಥ ಟೈಮಲ್ಲಿ ಎಲ್ರೂ ಮೊದಲು ಕೈ ಹಾಕೋದು ಕಾರ್ಬುರೇಟರ್‌ಗೆ. ನಾನು ಅದನ್ನ ಮುಟ್ಲಿಲ್ಲ, ಮೊದಲು ನಂಬರ್ ಬರ್ಕೊಂಡೆ. ಬರೀ "ಪವರ್ ಕಮ್ಮಿ" ಅಂದ್ರೆ ಯಾವ ದಿಕ್ಕಿಗೆ ಹುಡುಕ್ಬೇಕು ಅನ್ನೋದೇ ಗೊತ್ತಾಗಲ್ಲ. ಫುಲ್ ಥ್ರಾಟಲ್‌ನಲ್ಲಿ 4300 ಆರ್‌ಪಿಎಂ, ಜಿಪಿಎಸ್‌ನಲ್ಲಿ ಗಂಟೆಗೆ 22 ಕಿಮೀ. ಮ್ಯಾನ್ಯುಯಲ್ ಪ್ರಕಾರ ಈ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ 5000ದಿಂದ 6000 ಮಧ್ಯೆ ತಿರುಗ್ಬೇಕು. ಇದನ್ನ ನೀರಲ್ಲೇ ನೋಡ್ಬೇಕು, ದಡದಲ್ಲಿ ಪೈಪ್ ಹಚ್ಚಿ ಓಡಿಸಿದ್ರೆ ಲೋಡೇ ಇರಲ್ಲ, ಸತ್ತ ಎಂಜಿನ್ ಕೂಡ ಚೆನ್ನಾಗೇ ಕೂಗತ್ತೆ, ಮೇಲಾಗಿ ಲೋಡ್ ಇಲ್ದೆ ಅಷ್ಟು ರೇಸ್ ಮಾಡೋದು ಎಂಜಿನ್‌ಗೂ ಒಳ್ಳೇದಲ್ಲ.

ಆಮೇಲೆ ಪ್ರೊಪೆಲ್ಲರ್ ನೋಡ್ದೆ. ನಡುವಿನ ಹಬ್ ಹತ್ರ 11 ಪಿಚ್ (ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗ್ಬೇಕು ಅನ್ನೋ ಅಳತೆ) ಅಂತ ಇತ್ತು, ಈ ತೂಕದ ಬೋಟ್‌ಗೆ 13 ಇರ್ಬೇಕಿತ್ತು. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ. ಪಿಚ್ ಒಂದಿಂಚು ಕಮ್ಮಿ ಮಾಡಿದ್ರೆ ಸುಮಾರು 150ರಿಂದ 200 ಆರ್‌ಪಿಎಂ ಏರತ್ತೆ, ಅಂದ್ರೆ ಹಗುರ ಪ್ರೊಪೆಲ್ಲರ್ ಹಾಕಿದ್ರೂ 4300 ದಾಟ್ತಿಲ್ಲ ಅಂದ್ರೆ ಎಂಜಿನ್ ಒಳಗಡೆ ಕೊರತೆ ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡದು. ಹಿಂದಿನವ್ರು ಬೋಟ್ ಎಳೀತಿಲ್ಲ ಅಂತ ಪಿಚ್ ಇಳಿಸಿ ಸಮಾಧಾನ ಮಾಡ್ಕೊಂಡಿರ್ಬೇಕು ಅನ್ಸತ್ತೆ.

ಇನ್ನೊಂದು ಲೆಕ್ಕಾನೂ ಹಾಕ್ದೆ. ಆರ್‌ಪಿಎಂನ ಪಿಚ್ ಇಂಚಿಂದ ಗುಣಿಸಿ, ಗೇರ್ ರೇಷಿಯೋದಿಂದ ಭಾಗಿಸಿ, ಬಂದಿದ್ದನ್ನ 0.001524ರಿಂದ ಗುಣಿಸಿದ್ರೆ ಸ್ಲಿಪ್ (ಪ್ರೊಪೆಲ್ಲರ್ ನೀರಲ್ಲಿ ಜಾರಿ ಕಳ್ಕೊಳೋ ವೇಗ) ಸೊನ್ನೆ ಇದ್ದಾಗಿನ ವೇಗ ಕಿಮೀ ಲೆಕ್ಕದಲ್ಲಿ ಸಿಗತ್ತೆ. ನನ್ನ ರೇಷಿಯೋ 2.08, ಲೆಕ್ಕದಲ್ಲಿ ಸುಮಾರು 35 ಬಂತು, ನಿಜವಾಗ್ಲೂ ಹೋಗ್ತಿದ್ದಿದ್ದು 22, ಅಂದ್ರೆ ಸ್ಲಿಪ್ 35 ಪರ್ಸೆಂಟ್ ಮೇಲೆ! ಪ್ಲೇನಿಂಗ್ ಬೋಟ್‌ಗೆ 10ರಿಂದ 20 ಇದ್ರೆ ಮಾಮೂಲು. ಹಬ್ ಒಳಗಿನ ರಬ್ಬರ್ ಜಾರ್ತಿದ್ರೂ ಹೀಗೇ ಆಗತ್ತೆ, ಅದಕ್ಕೆ ಒಳಗಿನ ಹಬ್‌ನಿಂದ ಹೊರಗಿನ ಬ್ಯಾರೆಲ್‌ವರೆಗೆ ಪೇಂಟಲ್ಲಿ ಒಂದೇ ನೇರ ಗೆರೆ ಎಳೆದು ಜೋರಾಗಿ ಓಡಿಸಿ ಬಂದು ನೋಡ್ದೆ. ಗೆರೆ ಮುರಿದಿರ್ಲಿಲ್ಲ, ಅಂದ್ರೆ ಹಬ್ ಜಾರಿಲ್ಲ. ಬೋಟ್ ಪ್ಲೇನಿಂಗ್‌ಗೆ ಬರದೆ ನೀರು ಉಳ್ತಾ ಇದ್ದಿದ್ರಿಂದಲೇ ಸ್ಲಿಪ್ ಅಷ್ಟಿದ್ದಿದ್ದು. ಬಿಲ್ಜ್‌ನಲ್ಲಿ (ಬೋಟ್ ಒಳಗಿನ ತಳದಲ್ಲಿ) ನೀರು, ಬೋಟ್ ಕೆಳಗೆ ಪಾಚಿ, ಟ್ರಿಮ್ ಅಂದ್ರೆ ಎಂಜಿನ್ ಓರೆ, ಇವೆಲ್ಲಾ ನೋಡ್ದೆ, ಯಾವ ತೊಂದ್ರೇನೂ ಇರ್ಲಿಲ್ಲ.

ಈಗ ಎಂಜಿನ್. ಪ್ಲಗ್ ಮೂರೂ ತೆಗೆದು, ವೈರ್‌ಗಳನ್ನ ಬ್ಲಾಕ್‌ಗೆ ಅರ್ತ್ ಮಾಡಿ, ಬ್ಯಾಟರಿ ಫುಲ್ ಚಾರ್ಜ್, ಥ್ರಾಟಲ್ ಪೂರ್ತಿ ಓಪನ್ ಇಟ್ಟು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ದೆ, 180, 175, 180 ಪಿಎಸ್‌ಐ. ಇಲ್ಲಿ ನಂಬರ್ ಎಷ್ಟು ಅನ್ನೋದಕ್ಕಿಂತ ಒಂದಕ್ಕೊಂದು ಹತ್ರ ಇದ್ಯಾ ಅನ್ನೋದೇ ಮುಖ್ಯ, ಯಾವ್ದಾದ್ರೂ ಒಂದು ಉಳಿದವಕ್ಕಿಂತ 10-15 ಪರ್ಸೆಂಟ್‌ಗಿಂತ ಜಾಸ್ತಿ ಕೆಳಗಿದ್ರೆ ಯೋಚ್ನೆ ಮಾಡ್ಬೇಕು. ಅಲ್ಲಿಗೆ ನನ್ನ ಅರ್ಧ ಭಯ ಇಳೀತು. ಸ್ಪಾರ್ಕೂ ಮೂರಕ್ಕೂ ಗಟ್ಟಿಯಾಗಿತ್ತು. ಆದ್ರೆ ಪ್ಲಗ್ ತುದಿ ಮೂರೂ ಬಿಳಿಚ್ಕೊಂಡಿತ್ತು, ಪೆಟ್ರೋಲ್ ಸಾಲ್ದೆ ಲೀನ್ ಆಗಿ ಓಡ್ತಿರೋ ಗುರುತು. ಒಂದೇ ಬಿಳಿ ಇದ್ದಿದ್ರೆ ಆ ಸಿಲಿಂಡರ್‌ನ ಕಾರ್ಬುರೇಟರ್ ಮೇಲೆ ಅನುಮಾನ ಪಡಬಹುದಿತ್ತು, ಮೂರೂ ಒಂದೇ ಥರ ಅಂದ್ರೆ ತಪ್ಪು ಮೂರಕ್ಕೂ ಸೇರಿದ ಜಾಗದಲ್ಲಿದೆ, ಟ್ಯಾಂಕಿಂದ ಪಂಪ್‌ವರೆಗಿನ ದಾರೀಲಿ. ದಯವಿಟ್ಟು ಲೀನ್ ಆಗಿರೋ ಎಂಜಿನ್‌ನ ಫುಲ್ ಥ್ರಾಟಲ್‌ನಲ್ಲಿ ದಿನಗಟ್ಲೆ ಓಡಿಸ್ಬೇಡಿ, ಪಿಸ್ಟನ್ ಕರಗಿ ತೂತಾಗೋದು ಹೀಗೇನೇ.

ಮತ್ತೆ ನೀರಿಗೆ ಹೋದೆ, ಈ ಸಲ ಲಿವರ್ ಹಿಡಿಯೋಕೆ ಇನ್ನೊಬ್ರನ್ನ ಕೂರಿಸ್ಕೊಂಡು, ನಾನು ಹಿಂದೆ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪ್ ಮಧ್ಯೆ ಇರೋ, ಕೈಯಲ್ಲಿ ಒತ್ತೋ ರಬ್ಬರ್ ಉಂಡೆ) ಹತ್ರ ಕೂತೆ. ಫುಲ್ ಥ್ರಾಟಲ್ ಕೊಟ್ಟ ಸ್ವಲ್ಪ ಹೊತ್ತಿಗೆ ಬಲ್ಬ್ ಒಳಕ್ಕೆ ಎಳ್ಕೊಂಡು ಚಪ್ಪಟೆ ಆಗೋಯ್ತು, ಸ್ಟ್ರಾದಲ್ಲಿ ದಪ್ಪ ಜ್ಯೂಸ್ ಹೀರಿದಾಗ ಸ್ಟ್ರಾ ಒಳಗೆ ಕುಸಿಯತ್ತಲ್ಲ ಹಾಗೆ. ನನಗೆ ಇದೇ ಉತ್ತರ. ಬಲ್ಬ್ ಚಪ್ಪಟೆ ಆದ್ರೆ ಅಡ್ಡಿ ಇರೋದು ಬಲ್ಬ್‌ಗಿಂತ ಹಿಂದೆ, ಟ್ಯಾಂಕ್ ಕಡೆ. ಚಪ್ಪಟೆ ಆಗ್ದೆ, ಕೈಯಲ್ಲಿ ಒತ್ತಿದಾಗ ಎಂಜಿನ್ ಪಿಕಪ್ ತಗೊಂಡ್ರೆ ಫ್ಯೂಯಲ್ ಪಂಪ್ ಸೋತಿರಬಹುದು ಅಥವಾ ಲೈನಲ್ಲಿ ಎಲ್ಲೋ ಗಾಳಿ ಎಳೀತಿರಬಹುದು.

ಖಾತ್ರಿ ಮಾಡ್ಕೊಳೋಕೆ ಒಂದು ಪೋರ್ಟಬಲ್ ಟ್ಯಾಂಕಲ್ಲಿ ಹೊಸ ಪೆಟ್ರೋಲ್ ಹಾಕಿ, ಬೇರೆ ಪೈಪು, ಬೇರೆ ಬಲ್ಬ್ ಹಚ್ಚಿ, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಸಡಿಲ ಮಾಡಿ ಓಡಿಸ್ದೆ. ಬೋಟ್ ಎದ್ದು ಓಡ್ತು ಕಣ್ರೀ, ಸೂಜಿ 6100 ದಾಟ್ತು, ನಾನೇ ಲಿವರ್ ಹಿಂದೆ ಎಳೀರಿ ಅಂತ ಕೂಗ್ಬೇಕಾಯ್ತು!

ಆಮೇಲೆ ಬೋಟಿನ ಟ್ಯಾಂಕ್ ಕಡೆಯಿಂದ ಒಂದೊಂದೇ ಬಿಚ್ಚಿದೆ (ಬ್ಯಾಟರಿ ಕಿತ್ತು, ಹ್ಯಾಚ್ ತೆಗೆದು ಪೆಟ್ರೋಲ್ ವಾಸನೆ ಪೂರ್ತಿ ಹೋದ್ಮೇಲೇ). ಟ್ಯಾಂಕ್ ವೆಂಟ್ ಕ್ಲಿಯರ್ ಇತ್ತು, ವಾಟರ್ ಸೆಪರೇಟರ್ ಫಿಲ್ಟರ್‌ನಲ್ಲಿ ಸ್ವಲ್ಪ ನೀರಿತ್ತು, ಬದಲಾಯಿಸಿದೆ. ಅಸಲಿ ಕಳ್ಳ ಸಿಕ್ಕಿದ್ದು ಟ್ಯಾಂಕಿಂದ ಪೈಪ್ ಹೊರಡೋ ಜಾಗದ ಆಂಟಿ ಸೈಫನ್ ವಾಲ್ವ್‌ನಲ್ಲಿ. ಒಳಗಿನ ಸ್ಪ್ರಿಂಗೂ ಬಾಲೂ ತುಕ್ಕು ಹಿಡಿದು ಅರ್ಧಕ್ಕೇ ಕಚ್ಕೊಂಡಿತ್ತು, ಐಡ್ಲಿಂಗ್‌ಗೆ ಸಾಕಾಗೋಷ್ಟು ಪೆಟ್ರೋಲ್ ಬಿಡ್ತಿತ್ತು, ಜೋರಾಗಿ ಎಳೆದಾಗ ಮಾತ್ರ ಸಾಲ್ತಿರ್ಲಿಲ್ಲ. ಆ ಬಾಲ್ ಕಿತ್ತು ಬಿಸಾಕಿ ಖಾಲಿ ಫಿಟ್ಟಿಂಗ್ ಹಾಕ್ಕೋ ಅಂತ ಕೆಲವರು ಹೇಳಿದ್ರು, ನಾನು ಒಪ್ಲಿಲ್ಲ. ಪೈಪ್ ಎಲ್ಲಾದ್ರೂ ಬಿರುಕು ಬಿಟ್ರೆ ಟ್ಯಾಂಕಲ್ಲಿರೋ ಪೆಟ್ರೋಲ್ ತಾನಾಗೇ ಹರಿದು ಬಿಲ್ಜ್ ತುಂಬದ ಹಾಗೆ ತಡೆಯೋದೇ ಆ ವಾಲ್ವ್, ಅದನ್ನ ತೆಗೆದು ನನ್ನವರನ್ನ ಆ ಬೋಟಲ್ಲಿ ಕೂರಿಸೋಕೆ ನನ್ನಿಂದಾಗಲ್ಲ. ಹೊಸ ವಾಲ್ವ್ ಹಾಕ್ದೆ, ಒಳಪದರ ಬಿಟ್ಕೊಳೋ ವಯಸ್ಸಾಗಿತ್ತು ಅಂತ ಪೈಪೂ ಬಲ್ಬೂ ಹೊಸದು ಹಾಕ್ದೆ.

ಅದರ ಜೊತೆಗೇ ಎಂಜಿನ್ ಆಫ್ ಇಟ್ಟು, ಒಬ್ರು ಪ್ರೊಪೆಲ್ಲರ್‌ನ ಕೈಯಲ್ಲಿ ತಿರುಗಿಸ್ತಾ ಗೇರಿಗೆ ಹಾಕಿ, ಲಿವರ್ ಪೂರ್ತಿ ತಳ್ಳಿದಾಗ ಕಾರ್ಬುರೇಟರ್ ಬಟರ್‌ಫ್ಲೈ ಪೂರ್ತಿ ತೆರ್ಕೊಳತ್ತಾ ಅಂತಾನೂ ನೋಡ್ದೆ, ಸ್ವಲ್ಪ ಕೊರತೆ ಇತ್ತು, ಕೇಬಲ್ ಅಡ್ಜಸ್ಟ್ ಮಾಡಿದ್ಮೇಲೆ ಸರಿಹೋಯ್ತು.

ಕೊನೇಲಿ 13 ಪಿಚ್ ಪ್ರೊಪೆಲ್ಲರ್ ಹಾಕ್ಕೊಂಡು, ಅಷ್ಟೇ ಜನ, ಅಷ್ಟೇ ಪೆಟ್ರೋಲ್ ಇಟ್ಕೊಂಡು ಮತ್ತೆ ಹೋದೆ. 5600 ಆರ್‌ಪಿಎಂ, 45 ಕಿಮೀ, ಸ್ಲಿಪ್ ಲೆಕ್ಕ ಹಾಕಿದ್ರೆ 16 ಪರ್ಸೆಂಟ್ ಒಳಗೆ. ಪ್ಲಗ್ ತೆಗೆದು ನೋಡಿದ್ರೆ ಮೂರೂ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾರ್ಬುರೇಟರ್‌ನ ಒಂದು ಸ್ಕ್ರೂ ಕೂಡ ಬಿಚ್ಚಿರ್ಲಿಲ್ಲ.