ಮೀನಿನ ಫ್ರೋಜನ್ ಹುಳುವಿಗೆ ಟೀ ಜರಡಿ

ಫ್ರೋಜನ್ ಬ್ಲಡ್‌ವರ್ಮ್ (ಮೀನಿಗೆ ಆಹಾರವಾಗಿ ಕೊಡುವ ಕೆಂಪು ಹುಳು) ತುಂಡನ್ನು ನೇರವಾಗಿ ಅಕ್ವೇರಿಯಂಗೆ ಹಾಕಬೇಡಿ. ಟೀ ಸೋಸುವ ಜರಡಿಯಲ್ಲಿಟ್ಟು (ಇದಕ್ಕೆಂದೇ ಬೇರೆ ಜರಡಿ ಇರಲಿ), ತೊಟ್ಟಿಯದೇ ನೀರಿರುವ ಲೋಟದಲ್ಲಿ ಐದು-ಹತ್ತು ನಿಮಿಷ ಅದ್ದಿಡಿ. ಹುಳು ಬಿಡಿಬಿಡಿಯಾದ ಮೇಲೆ ಲೋಟದ ತಳ ನೋಡಿ, ನೀರು ಕೆಂಪಗೆ ಕದಡಿರುತ್ತದೆ. ಮೀನು ತಿನ್ನಲಾಗದ ಆ ರಸವೇ ತೊಟ್ಟಿಯಲ್ಲಿ ಕೊಳೆತು ಅಮೋನಿಯಾ ಆಗುವುದು, ಪಾಚಿಗೆ ಗೊಬ್ಬರವಾಗುವುದು. ಅದನ್ನು ಗಿಡದ ಕುಂಡಕ್ಕೆ ಸುರಿಯಿರಿ. ಹುಳು ಕರಗಿಸಲು ಬಿಸಿನೀರು ಬೇಡವೇ ಬೇಡ. ಮರಿಗಳಿಗೆ ಕೊಡುವ ಬೇಬಿ ಬ್ರೈನ್ ಶ್ರಿಂಪ್‌ಗೆ (ಉಪ್ಪುನೀರಿನ ಸಿಗಡಿಯಂಥ ಜೀವಿಯ ಅತಿ ಸಣ್ಣ ಮರಿ) ಈ ಉಪಾಯ ನಡೆಯದು, ಜರಡಿಯ ಕಣ್ಣಿನಲ್ಲಿ ನುಸುಳಿಹೋಗುತ್ತದೆ. ಒತ್ತಾದ ನೇಯ್ಗೆಯ ಕರವಸ್ತ್ರದಲ್ಲಿ ಸೋಸಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ. ನಮ್ಮ ಮೈಸೂರಿನ ಬೇಸಿಗೆಯಲ್ಲಿ ಹಗಲೆಲ್ಲ ಕರೆಂಟ್ ಇಲ್ಲದ ದಿನ ಪೊಟ್ಟಣ ತೆರೆದು ನೋಡಿ: ತುಂಡುಗಳು ಅಂಚು ಕಳೆದುಕೊಂಡು ಒಂದು ಬದಿಗೆ ಜಾರಿ ಗಟ್ಟಿಯಾಗಿದ್ದರೆ, ದುಡ್ಡಿನ ಮುಖ ನೋಡದೆ ಎಸೆದುಬಿಡಿ.